ನೌಕರಿಗೆ ಬಿಡುವು: ಕಾರ್ಮಿಕ ಸಂತ ಜೋಸೆಫರ ಹಬ್ಬದ ಪ್ರಬೋಧನೆ



ಮೇ 1 ದುಡಿಯುವವರ ದಿನ. ಜಗದ್ಗುರು ಹನ್ನೆರಡನೇ ಪಯಸ್‌ರವರು 1955ರಲ್ಲಿ ಈ ದಿನವನ್ನು ಕಾರ್ಮಿಕ ಸಂತ ಜೋಸೆಫರ ಹಬ್ಬವೆಂದು ಸಾರಿದರು. ಪ್ರತಿ ವರ್ಷ ಈ ಹಬ್ಬದಂದು ದುಡಿಮೆಯ ಮಹಿಮೆಯನ್ನು ಕುರಿತು ಮಾತನಾಡುತ್ತೇವೆ. ಈ ಸಲ ದುಡಿಮೆ ಬಿಡುವುದನ್ನು ಕುರಿತು ಮಾತನಾಡುವ ಮನಸ್ಸಾಗಿದೆ. ರಾಯಚೂರಿನ ಬಿಸಿಲಿಗೆ ಸ್ವಾಮಿಗಳ ತಲೆ ತಿರುಗಿತೇ ಎಂದು ಕೆಲವರಿಗೆ ಅನಿಸಬಹುದು. ಸ್ವಲ್ಪ ತಾಳ್ಮೆಯಿಂದ ಕೇಳಿ.

ಕಳೆದ ತಿಂಗಳು ಒಬ್ಬ ಸಹೋದರಿ ಗಂಡನೊಂದಿಗೆ ನಮ್ಮಲ್ಲಿಗೆ ಬಂದಿದ್ದರು. ಅವರ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇವೆ. ಆಕೆ ರಾಯಚೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ದಾದಿ, ಒಂಬತ್ತು ವರ್ಷದ ಸೇವೆ. ಗಂಡನಿಗೆ ಮಾನ್ವಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಅತ್ತೆ ದೇವದುರ್ಗದಲ್ಲಿ ಒಬ್ಬರೇ ಇದ್ದರು. ಈಸ್ಟರ್‌ಗೆ ಮುಂಚೆ ಅವರಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಏಳುತ್ತಿಲ್ಲ. ಮನೆಯವರೆಲ್ಲ ಕೂಡಿ ಸೊಸೆಯ ಮುಖ ನೋಡಿದರು. "ಹೆಂಗೂ ನರ್ಸ್ ಇದ್ದಾಳ, ಆಕೀನೇ ನೋಡ್ಕೊಳ್ಳಲಿ" ಎಂದರಂತೆ. ಆ ತಾಯಿ ನಮ್ಮನ್ನು ಕೇಳಿದ್ದು ಒಂದೇ ಮಾತು: "ನೌಕ್ರಿ ಬಿಟ್ರ ಮತ್ತ ಸಿಗ್ತದೇನ್ರಿ ಫಾದರ್?"

ನಮ್ಮಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಸೇವೆಯೇ ದೊಡ್ಡದು, ಬಿಟ್ಟುಬಿಡಮ್ಮ ಎನ್ನುವುದು ಸುಲಭವಿತ್ತು. ಗುರುಗಳ ಬಾಯಲ್ಲಿ ಅದು ತಾನಾಗಿಯೇ ಬರುತ್ತದೆ. ಆದರೆ ಆಕೆಯ ಪಗಾರದಲ್ಲೇ ಎರಡು ಮಕ್ಕಳ ಶಾಲೆ ಫೀಸು ನಡೆದಿದೆ. ಇಂಥ ನಿರ್ಧಾರಗಳು ನಮ್ಮ ಮನೆಗಳಲ್ಲಿ ಬಹಳ ಸಲ ಆಗುವುದು ಈ ಮೇ ತಿಂಗಳಲ್ಲೇ, ಶಾಲೆ ತೆರೆಯುವ ಮುಂಚೆ. ಅಡುಗೆಮನೆಯಲ್ಲಿ ಒಂದು ರಾತ್ರಿ ಮಾತಾಗುತ್ತದೆ, ಬೆಳಿಗ್ಗೆ ರಾಜೀನಾಮೆ ಪತ್ರ ಸಿದ್ಧವಾಗಿರುತ್ತದೆ. ಆದ್ದರಿಂದ ಈ ಹಬ್ಬದಲ್ಲೇ ಇದನ್ನು ಎತ್ತಿಕೊಂಡೆವು.

ಸಂತ ಜೋಸೆಫರ ಕಡೆ ನೋಡೋಣ. ಮತ್ತಾಯನ ಶುಭಸಂದೇಶದಲ್ಲಿ ದೂತನು ಕನಸಿನಲ್ಲಿ ಬಂದು ಎಚ್ಚರಿಸಿದ ಕೂಡಲೇ ಜೋಸೆಫರು ರಾತ್ರಿಯಲ್ಲೇ ಎದ್ದು, ತಾಯಿಯನ್ನೂ ಮಗುವನ್ನೂ ಕರೆದುಕೊಂಡು ಈಜಿಪ್ಟಿಗೆ ಹೊರಟರು. ಬಡಗಿಗೆ ತನ್ನ ಊರು ಬಿಡುವುದೆಂದರೆ ಸಣ್ಣ ಮಾತಲ್ಲ. ಗಿರಾಕಿ ಹೋದರು, ನಂಬಿಕೆಯ ಮೇಲೆ ಬರುತ್ತಿದ್ದ ಕೆಲಸ ಹೋಯಿತು. ಕುಟುಂಬಕ್ಕಾಗಿ ಇಲ್ಲಿ ಕಸುಬಿಗೆ ಬಿಡುವು ಕೊಟ್ಟವರು ಯಾರು? ಗಂಡಸು. ಈ ಮಾತನ್ನು ನಾವು ಅಂದೇ ಆ ಗಂಡನ ಮುಂದೆ ಇಟ್ಟೆವು. ಆತ ಬಹಳ ಹೊತ್ತು ನೆಲ ನೋಡುತ್ತ ಕುಳಿತ. ಕೊನೆಗೆ, "ಅವ್ವ ನನ್ನವಳೇ ಅಲ್ರಿ" ಎಂದ.

ನಿಜವಾಗಿ ನೋಡಿದರೆ ನಮ್ಮ ನಿಯಮಗಳೂ ಬಹುಮಟ್ಟಿಗೆ ಹೆಂಗಸಿನ ಕಡೆಗೇ ಬೊಟ್ಟು ಮಾಡುತ್ತವೆ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರವಾಯಿತು. 50 ಮತ್ತು ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕೆಂದೂ ಆಯಿತು. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ ಮಕ್ಕಳ ಪಾಲನೆಗೆ ಒಟ್ಟು 730 ದಿನ ರಜೆ ಉಂಟು. ನಮ್ಮ ರಾಜ್ಯ ಸರ್ಕಾರ 2021ರಲ್ಲಿ ತನ್ನ ಮಹಿಳಾ ನೌಕರರಿಗೆ 180 ದಿನ ಕೊಟ್ಟಿತು. ನಮ್ಮ ಸರ್ಕಾರಿ ಶಾಲೆಯ ಶಿಕ್ಷಕಿಯರಿಗೆ ಇದು ದೊಡ್ಡ ಆಸರೆ. ಆದರೆ ಮಾತೆಲ್ಲ ಮಗುವಿನದು. ಹಾಸಿಗೆ ಹಿಡಿದ ಅತ್ತೆಗೆ, ಖಾಸಗಿಯಲ್ಲಿ ದುಡಿಯುವ ಸೊಸೆಗೆ ಈ ರಜೆ ಇಲ್ಲ. 2023ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಗಿದೆ, ಒಳ್ಳೆಯದೇ. ಟಿಕೆಟ್ಟಿನ ದುಡ್ಡು ಉಳಿಯಿತು. ಆದರೆ ರಾಯಚೂರಿನಲ್ಲಿ ರಾತ್ರಿ ಪಾಳಿ ಮುಗಿಸಿ ದೇವದುರ್ಗದ ಬಸ್ಸಿನಲ್ಲಿ ನಿದ್ದೆ ಮಾಡುವ ದೇಹಕ್ಕೆ ದಾರಿ ಕಡಿಮೆಯಾಗಲಿಲ್ಲ.

ಜಗದ್ಗುರು ಎರಡನೇ ಜಾನ್ ಪಾಲರು ದುಡಿಮೆಯನ್ನು ಕುರಿತು 1981ರಲ್ಲಿ ಬರೆದ ವಿಶ್ವಪತ್ರದಲ್ಲಿ, ಕುಟುಂಬದ ಆರೈಕೆಯ ಕಾರಣಕ್ಕೆ ಹೆಂಗಸು ಕೆಲಸದಲ್ಲಿ ಹಿಂದೆ ಬೀಳದಂತೆ ದುಡಿಮೆಯ ವ್ಯವಸ್ಥೆಯೇ ಬದಲಾಗಬೇಕೆಂದು ಕೇಳಿದರು. ಶಾಲೆ, ಆಸ್ಪತ್ರೆ ನಡೆಸುವ ನಾವೂ ಮಾಲೀಕರೇ. ಅದನ್ನು ಮೊದಲು ನಾವು ಓದಿಕೊಳ್ಳಬೇಕು.

ಯಾಜಕಕಾಂಡದಲ್ಲಿ ಏಳನೆಯ ವರ್ಷ ಹೊಲಕ್ಕೆ ವಿಶ್ರಾಂತಿ ಕೊಡಬೇಕೆಂಬ ಕಟ್ಟಳೆ ಇದೆ. ಎಡದಂಡೆ ಕಾಲುವೆಯ ನೀರು ಕಂಡ ಮಾನ್ವಿಯ ರೈತರು ನಗಬಹುದು. ಒಂದು ಬೆಳೆ ಕೊಯ್ಯುವಾಗಲೇ ಇನ್ನೊಂದರ ಚಿಂತೆ ಅವರಿಗೆ. ದೇವದುರ್ಗದ ಎರೆಹೊಲದ ಹಿರಿಯರಿಗೆ ಇದು ಗೊತ್ತು. ಬೀಳು ಬಿಟ್ಟ ಹೊಲಕ್ಕೂ ಹಾಳು ಬಿದ್ದ ಹೊಲಕ್ಕೂ ವ್ಯತ್ಯಾಸವಿದೆ. ಬೀಳು ಬಿಟ್ಟ ಹೊಲದ ಒಡ್ಡನ್ನು ರೈತ ನೋಡಿಕೊಳ್ಳುತ್ತಾನೆ, ಮಾಗಿ ಉಳುಮೆ ಮಾಡುತ್ತಾನೆ. ನೋಡುವವರಿಲ್ಲದ ಹೊಲವನ್ನು ಬಳ್ಳಾರಿ ಜಾಲಿ ಹೊಕ್ಕರೆ ಮತ್ತೆ ಬಿಡಿಸುವುದು ಹಣಗಲ.

ಆ ದಂಪತಿಯೊಂದಿಗೆ ನಾವು ನೋಡಿದ್ದೂ ಈ ಒಡ್ಡುಗಳನ್ನೇ. ರಾಜೀನಾಮೆಗೆ ಮುಂಚೆ ಪಗಾರವಿಲ್ಲದ ರಜೆ ಕೇಳಿದ್ದೀರಾ? ಇಲ್ಲ ಎಂದರು. ಶುಶ್ರೂಷಾ ಪರಿಷತ್ತಿನ ನೋಂದಣಿ ನವೀಕರಣ ಯಾವಾಗ? ನೆನಪಿರಲಿಲ್ಲ. ಇನ್ನು ಭವಿಷ್ಯ ನಿಧಿ. ಕೆಲಸ ಬಿಟ್ಟ ಕೂಡಲೇ ಎಲ್ಲವನ್ನೂ ಬಿಡಿಸಿಕೊಂಡು ಫೀಸು ಕಟ್ಟಿದರಾಯಿತು ಎಂದು ಲೆಕ್ಕ ಹಾಕಿದ್ದರು. 1995ರ ಪಿಂಚಣಿ ಯೋಜನೆಯಲ್ಲಿ ತಿಂಗಳ ಪಿಂಚಣಿಗೆ 10 ವರ್ಷದ ಸೇವೆ ಬೇಕು. ಆಕೆಯದು ಒಂಬತ್ತು. ಪಿಂಚಣಿಯ ಹಣ ತೆಗೆದರೆ ಆ ಒಂಬತ್ತು ವರ್ಷ ಅಳಿಸಿಹೋಗುತ್ತವೆ. ಹಣ ಮುಟ್ಟದೆ ಸ್ಕೀಮ್ ಸರ್ಟಿಫಿಕೇಟ್ ಪಡೆದುಕೊಂಡರೆ ಮುಂದಿನ ನೌಕರಿಯ ವರ್ಷಗಳಿಗೆ ಅವು ಕೂಡಿಕೊಳ್ಳುತ್ತವೆ. ಇದನ್ನು ಕೇಳಿ ಆಕೆಯ ಕಣ್ಣಲ್ಲಿ ನೀರು ಬಂತು. ಬಲಿಪೂಜೆಯ ಪ್ರಬೋಧನೆಯಲ್ಲಿ ಭವಿಷ್ಯ ನಿಧಿಯ ಮಾತೇ ಎಂದು ಯಾರಾದರೂ ಹುಬ್ಬೇರಿಸಿದರೆ ಏರಿಸಲಿ.

ಇನ್ನೊಂದನ್ನು ಆಕೆಯೇ ಹೇಳಿದರು. ಲಕ್ವಾ ಹೊಡೆದವರಿಗೆ ಮೊದಲ ಮೂರು ತಿಂಗಳ ವ್ಯಾಯಾಮವೇ ಬಹಳ ಮುಖ್ಯವಂತೆ. ಹಾಗಾದರೆ ಮನೆಗೆ ಬೇಕಾಗಿರುವುದು ಆಕೆ ನೌಕರಿಯನ್ನೇ ಬಿಡುವುದೋ, ಮೂರು ತಿಂಗಳ ಕೈಗಳೋ? ಹೀಗೆ ಕೇಳಿದ ಮೇಲೆ ಮಾತು ಬೇರೆ ದಾರಿ ಹಿಡಿಯಿತು. ಬೆಂಗಳೂರಿನಲ್ಲಿರುವ ಮೈದುನನಿಗೆ ನಮ್ಮೆದುರೇ ಫೋನು ಹೋಯಿತು. ಮೊದಲು ಸಿಟ್ಟು, ಆಮೇಲೆ ಮೌನ, ಆಮೇಲೆ ಒಪ್ಪಿಗೆ. ತಿಂಗಳಿಗಿಷ್ಟು ಕಳಿಸುತ್ತೇನೆ ಎಂದ. ಅತ್ತೆಯನ್ನು ರಾಯಚೂರಿಗೆ ಕರೆತಂದರು. ಗಂಡ ಗಿರಣಿಯ ಸುಗ್ಗಿ ಲೆಕ್ಕ ಮುಗಿಸಿ ಜೂನ್ ಪೂರ್ತಿ ಮನೆಯಲ್ಲಿರುತ್ತಾನೆ, ಅಷ್ಟು ದಿನದ ಸಂಬಳ ಹೋದರೂ ಹೋಗಲಿ ಎಂದು. ಆಕೆ ಎರಡು ತಿಂಗಳ ರಜೆಗೆ ಅರ್ಜಿ ಬರೆದು, ತಿರುಗಿ ಬರುವ ತಾರೀಖನ್ನೂ ಅದರಲ್ಲೇ ಕಾಣಿಸಿ ಕೊಟ್ಟಿದ್ದಾರೆ.

ಆಸ್ಪತ್ರೆಯಿಂದ ಇನ್ನೂ ಉತ್ತರ ಬಂದಿಲ್ಲ. ಇಂದಿನ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಆ ಮನೆಯನ್ನೂ, ಆ ಅರ್ಜಿಯನ್ನು ಕೈಯಲ್ಲಿ ಹಿಡಿದಿರುವ ಅಧಿಕಾರಿಯನ್ನೂ ಪ್ರಭುವಿಗೆ ಒಪ್ಪಿಸೋಣ.