ರೋಗ ಒಬ್ಬರದು, ಹೊರೆ ಯಾರದು?



ನಮ್ಮವರೊಬ್ಬರು ಆಸ್ಪತ್ರೆ ಸೇರಿದರೆ ನಾವು ಚಂದಾ ಎತ್ತುತ್ತೇವೆ. ಇದು ದೊಡ್ಡ ಗುಣವೇ ಸರಿ. ಆದರೆ ಪರಿಚಯಸ್ಥರು ಹೆಚ್ಚಿದ್ದವರಿಗೆ ಹೆಚ್ಚು ಸಿಗುತ್ತದೆ. ಕೇಳಲು ಸಂಕೋಚಪಡುವವರಿಗೆ ಏನೂ ಸಿಗದು.

“ಅವರವರ ಆರೋಗ್ಯ ಅವರವರ ಹೊಣೆ, ಬೀಡಿ ಸೇದಿದವನ ಖರ್ಚನ್ನು ನಾವೇಕೆ ಹೊರಬೇಕು?” ಎನ್ನುವವರುಂಟು. ಈ ಮಾತಿನಲ್ಲಿ ಹುರುಳಿಲ್ಲದಿಲ್ಲ. ಮಿತವಾದ ಊಟ, ನಡಿಗೆ, ವರ್ಷಕ್ಕೊಮ್ಮೆ ರಕ್ತಪರೀಕ್ಷೆ, ಇವನ್ನು ನಮಗಾಗಿ ಮತ್ತೊಬ್ಬರು ಮಾಡಲಾರರು. ಆದರೆ ಹುಟ್ಟುವಾಗಲೇ ಹೃದಯದಲ್ಲಿ ರಂಧ್ರವಿದ್ದ ಕೂಸು ಯಾವ ತಪ್ಪು ಮಾಡಿತ್ತು?

ದಾರಿಯನ್ನು ನಮ್ಮ ತಾಯ್ನಾಡೇ ತೋರಿಸಿದೆ. 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆಗೆ ಸಹಕಾರ ಸಂಘಗಳ ರೈತರು ಮೊದಲು ವರ್ಷಕ್ಕೆ ತಲಾ 60 ರೂಪಾಯಿ ಕೊಟ್ಟರು; ಸರ್ಕಾರವೂ ಕೈಜೋಡಿಸಿತು. ಕಾಯಿಲೆ ಬಾರದವರ ಹಣ ಬಂದವರ ಶಸ್ತ್ರಚಿಕಿತ್ಸೆಗೆ ಒದಗಿತು. ಇಲ್ಲಿ ಅವಿಭಜಿತ ಆಂಧ್ರದಲ್ಲಿ 2007ರಲ್ಲಿ ಬಂದ ಆರೋಗ್ಯಶ್ರೀ ಬಡವರ ಈ ಹೊರೆಯನ್ನು ಬೊಕ್ಕಸಕ್ಕೆ ವಹಿಸಿತು. ಆದರೆ ಪಡಿತರ ಚೀಟಿ ಬೀದರಿನಲ್ಲೋ ರಾಯಚೂರಿನಲ್ಲೋ ಉಳಿದಿರುವ ನಮ್ಮವರಿಗೆ ಅದರ ಬಾಗಿಲು ತೆರೆಯುವುದು ಕಷ್ಟ.

ಆದುದರಿಂದ ಯಾರ ಚೀಟಿ ಎಲ್ಲಿದೆಯೆಂಬುದನ್ನು ಸಂಘವು ಮನೆಮನೆಗೆ ಹೋಗಿ ವಿಚಾರಿಸಲಿ. ಯಾವ ಯೋಜನೆಗೂ ಸೇರದ ಕುಟುಂಬಗಳನ್ನು ಒಟ್ಟುಗೂಡಿಸಿ ಸಮೂಹ ವಿಮೆ ಮಾಡಿಸಲಿ. ಕಾಯಿಲೆ ಬಂದಾಗ ಎತ್ತುವ ಚಂದಾವನ್ನು ನಾವೆಲ್ಲರೂ ಗಟ್ಟಿಯಾಗಿರುವಾಗಲೇ ಕೊಡೋಣವೆಂದು ಬೇಡಿಕೊಳ್ಳುತ್ತೇವೆ.