ತೌಡಿಗೊಂದು ದಾರಿನಕ್ಷೆ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಇದೇ ಶಾಲೆಯ ಹಿಂದಿನ ಬೆಂಚಿನಲ್ಲಿ ಕೂತವನು ನಾನು. ಅಪ್ಪ ನೆಲ್ಲು ಬೆಳೆದು ಓದಿಸಿದರು. ಓದಿದ ನಾನು ಕೆಲಸ ಹುಡುಕಿಕೊಂಡು ಊರು ಬಿಟ್ಟೆ. ಈ ಮಕ್ಕಳೂ ಹಾಗೇ ಬಿಡಬೇಕೇ? ಇವತ್ತು ನನ್ನನ್ನು ಕಾಡುವ ಪ್ರಶ್ನೆ ಇದು.

ಹೊಸ ಕೈಗಾರಿಕೆ ಕಟ್ಟುವ ಮೊದಲು ತಿಳಿದವರು ‘ತಂತ್ರಜ್ಞಾನ ಮಾರ್ಗನಕ್ಷೆ’ ಬರೆಯುತ್ತಾರೆ. ಹೆಸರು ದೊಡ್ಡದು, ಲೆಕ್ಕ ನಮ್ಮದೇ. ಕಾಲುವೆ ನೀರು ಯಾವಾಗ ನಿಲ್ಲುತ್ತದೆಂದು ನೋಡಿ, ಹಿಂದಕ್ಕೆ ಎಣಿಸಿ, ರೈತ ಸಸಿ ಹಾಕುವ ದಿನ ಗೊತ್ತುಮಾಡುತ್ತಾನೆ. ಹಾಗೆಯೇ ಹತ್ತು ವರ್ಷದ ನಂತರ ಏನು ಮಾರಬೇಕು, ಅದಕ್ಕೆ ಯಾವ ಯಂತ್ರ, ಯಾವ ವಿದ್ಯೆ, ಯಾವ ವರ್ಷಕ್ಕೆ ಬೇಕು ಎಂದು ಎಣಿಸುವುದು. ಅಬ್ದುಲ್ ಕಲಾಂ ಅವರ ಮುಂದಾಳತ್ವದಲ್ಲಿ ಟೈಫ್ಯಾಕ್ ಸಂಸ್ಥೆ 2020ರವರೆಗಿನ ಮುನ್ನೋಟವನ್ನು ದೇಶಕ್ಕೆ ಕೊಟ್ಟಿತ್ತು.

ಈಗ ನಮ್ಮ ತಾಲೂಕುಗಳಿಗೆ ಬನ್ನಿ. 1915ರಲ್ಲಿ ಮಸ್ಕಿಯ ಅಶೋಕ ಶಾಸನವನ್ನು ಕಂಡ ಬೀಡನ್ ಚಿನ್ನದ ಗಣಿಯ ಎಂಜಿನಿಯರ್. ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಇಂದಿಗೂ ಟನ್ನುಗಟ್ಟಲೆ ಅದಿರು ಅರೆದು ಗ್ರಾಂ ಲೆಕ್ಕದಲ್ಲಿ ಚಿನ್ನ ತೆಗೆಯುತ್ತಾರೆ. ಸಿಂಧನೂರಿನ ನೆಲ್ಲಿಗೂ ಅಷ್ಟೇ ಸೂಕ್ಷ್ಮ ಲೆಕ್ಕ ಬೇಕು. ನೂರು ಕಿಲೋ ನೆಲ್ಲಿಗೆ ಸುಮಾರು ಇಪ್ಪತ್ತು ಕಿಲೋ ಹೊಟ್ಟು, ಎಂಟು ಕಿಲೋ ತೌಡು ಬರುತ್ತದೆ.

ತೌಡಿನಲ್ಲಿ ಎಣ್ಣೆ ಇದೆ. ಆದರೆ ಅಕ್ಕಿಯಿಂದ ಬೇರೆಯಾದ ಕೂಡಲೇ ಅದು ಕೆಡತೊಡಗುತ್ತದೆ. ತಡವಾದರೆ ಅಡುಗೆಗೆ ಬಾರದೆ ಸಾಬೂನಿಗೆ ಹೋಗುತ್ತದೆ. ಅದಕ್ಕೇ ಗಿರಣಿಯಲ್ಲೇ ತೌಡಿಗೆ ಬಿಸಿ ಕೊಟ್ಟು ಕೆಡದಂತೆ ಕಾಯುವ ಯಂತ್ರ ಮೊದಲು, ಎಣ್ಣೆ ಕಾರ್ಖಾನೆ ಆಮೇಲೆ. ಹೊಟ್ಟಿನ ಬೂದಿಯಲ್ಲಿ ಸಿಲಿಕಾ ಹೆಚ್ಚು. ಹದವಾದ ಶಾಖದಲ್ಲಿ ಸುಟ್ಟರೆ ಅದನ್ನು ಸಿಮೆಂಟಿನ ಜೊತೆ ಬಳಸಬಹುದು. ಆ ಹದ ಅಳೆಯಬಲ್ಲ ಹುಡುಗ ಹುಡುಗಿಯರು ಕಾರ್ಖಾನೆಗಿಂತ ಮೊದಲೇ ತಯಾರಾಗಿರಬೇಕು. ಈ ಕ್ರಮ ತಪ್ಪಿದರೆ ಷೆಡ್ಡು ಏಳುತ್ತದೆ, ಉದ್ಯೋಗ ಏಳುವುದಿಲ್ಲ.

ನಕ್ಷೆಯನ್ನು ವರ್ಷವರ್ಷ ತಿದ್ದಲೂ ಬೇಕು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ನಮ್ಮೆಲ್ಲರ ಎದೆ ಝಲ್ಲೆಂದಿತ್ತು. ನೀರಿಲ್ಲದೆ ನೆಲ್ಲಿಲ್ಲ, ನೆಲ್ಲಿಲ್ಲದೆ ತೌಡಿಲ್ಲ. ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟದ ವರ್ಷ ಏನು ಮಾಡುವುದೆಂಬುದೂ ನಕ್ಷೆಯಲ್ಲಿ ಇರಲಿ.

ರೈತರು, ಗಿರಣಿಯವರು, ಗುರುಗಳು, ಹಳೆಯ ವಿದ್ಯಾರ್ಥಿಗಳು ಈ ಶಾಲೆಯಲ್ಲೇ ಒಮ್ಮೆ ಕೂಡೋಣ. ಮೊದಲ ಗೆರೆ ಎಳೆಯೋಣ. ಆ ಗೆರೆಯ ಕೊನೆಗೆ, ಇಂದು ಎಂಟನೇ ತರಗತಿಯಲ್ಲಿರುವ ಮಗುವಿಗೆ ಈ ನೆಲದಲ್ಲೇ ಒಂದು ಕೆಲಸ ಸಿಗಲಿ.