ಭಾನುವಾರದ ಓಟ, ನಮ್ಮೂರ ನೋಟ
(ಚಿಕ್ಕರಸಿನಕೆರೆಯ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬೀಜ ಗೊಬ್ಬರಗಳ ವಿಷಯ ಹೇಳಬೇಕಾದವನು ಓಟದ ಮಾತು ತೆಗೆದನಲ್ಲ ಎಂದು ತಮಗೆ ಅನ್ನಿಸಬಹುದು. ಬೆಳೆಯ ಆರೈಕೆ ಮಾಡುವ ನಾವು ಬೆಳೆಯುವವನ ಮೈಯನ್ನೂ ಆರೈಕೆ ಮಾಡಬೇಕಲ್ಲವೆ?

‘ಗದ್ದೆಯಲ್ಲಿ ದುಡಿಯುವವನಿಗೆ ಓಟವೇಕೆ?’ ಎಂದು ಹಿರಿಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ದಿನವಿಡೀ ನೇಗಿಲ ಹಿಂದೆ ನಡೆದವರಿಗೆ ಬೇರೆ ವ್ಯಾಯಾಮ ಬೇಕಿರಲಿಲ್ಲ. ಈಗ ಉಳುವುದು ಟ್ರಾಕ್ಟರು, ಗದ್ದೆಗೆ ಒಯ್ಯುವುದು ಮೋಟಾರು ಸೈಕಲ್ಲು. ಊಟ ಮಾತ್ರ ಹಿಂದಿನಷ್ಟೇ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳು ಪಟ್ಟಣದವರ ರೋಗಗಳೆಂಬ ಕಾಲ ಹೋಯಿತು. ವಯಸ್ಕರು ವಾರಕ್ಕೆ ೧೫೦ ನಿಮಿಷವಾದರೂ ಚುರುಕಾಗಿ ನಡೆಯುವಷ್ಟು ಶ್ರಮ ಪಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಒಬ್ಬನೇ ಓಡಿದರೆ ನಾಲ್ಕು ದಿನದಲ್ಲಿ ಬೇಸರ ಬರುತ್ತದೆ. ೨೦೦೪ರ ಅಕ್ಟೋಬರ್ ೨ರಂದು ಲಂಡನ್ನಿನ ಒಂದು ಉದ್ಯಾನದಲ್ಲಿ ೧೩ ಮಂದಿ ಸೇರಿ ೫ ಕಿಲೋಮೀಟರು ಓಡಿದರು. ‘ಪಾರ್ಕ್ ರನ್’ ಎಂಬ ಆ ವಾರದ ಓಟ ಇಂದು ಇಪ್ಪತ್ತಕ್ಕೂ ಹೆಚ್ಚು ದೇಶಗಳಲ್ಲಿದೆ. ಶುಲ್ಕವಿಲ್ಲ, ಓಡಲಾರದವರು ನಡೆಯಬಹುದು. ಎಲ್ಲರಿಗಿಂತ ಹಿಂದೆ ಬರುವುದಕ್ಕೆಂದೇ ಒಬ್ಬ ಸ್ವಯಂಸೇವಕನಿರುತ್ತಾನೆ. ಆದುದರಿಂದ ಬಂದವರಲ್ಲಿ ಯಾರೂ ಕಡೆಯವರಾಗುವುದಿಲ್ಲ. ಈ ಪದ್ಧತಿ ನನಗೆ ಬಹಳ ಹಿಡಿಸಿತು.

ನಮ್ಮ ಜಿಲ್ಲೆಗೂ ಓಟಗಾರರು ಬಂದಿದ್ದಾರೆ. ಶ್ರೀರಂಗಪಟ್ಟಣದ ಬಳಿ, ರಂಗನತಿಟ್ಟಿನ ಸಮೀಪದ ನಾಲೆಯ ಏರಿಯ ಮೇಲೆ ‘ಕಾವೇರಿ ಟ್ರೇಲ್ ಮ್ಯಾರಥಾನ್’ ನಡೆದಿದೆ. ಬೆಂಗಳೂರಿನವರು ಹಣ ತೆತ್ತು ನೋಡಲು ಬರುವ ನಾಲೆ, ಗದ್ದೆ, ತೆಂಗಿನ ಸಾಲು ನಮ್ಮ ಮನೆಯ ಹಿತ್ತಿಲಲ್ಲೇ ಇವೆ. ನಾವು ಮಾತ್ರ ಅವನ್ನು ಕಣ್ಣೆತ್ತಿ ನೋಡುವುದಿಲ್ಲ.

ಆದುದರಿಂದ ನನ್ನ ಸೂಚನೆ ಇದು. ಪ್ರತಿ ಭಾನುವಾರ ಬೆಳಕು ಹರಿದ ಮೇಲೆ ಕಾಲಭೈರವೇಶ್ವರ ದೇವಸ್ಥಾನದ ಮುಂದೆ ಸೇರೋಣ. ಗದ್ದೆಗಳ ನಡುವಿನ ಗಾಡಿದಾರಿಯಲ್ಲಿ ಎರಡೂವರೆ ಕಿಲೋಮೀಟರು ಹೋಗಿ ಹಿಂತಿರುಗೋಣ. ದೂರವನ್ನು ಮೋಟಾರು ಸೈಕಲ್ಲಿನ ಮೀಟರಿನಲ್ಲಿ ಅಳೆದರಾಯಿತು. ತಿಂಗಳಿಗೊಮ್ಮೆ ತಾಲ್ಲೂಕಿನ ಬೇರೆ ಊರಿಗೆ ಹೋಗೋಣ. ೧೯೩೮ರಲ್ಲಿ ಧ್ವಜ ಸತ್ಯಾಗ್ರಹ ನಡೆದ ಶಿವಪುರವಿದೆ. ಶಿಂಷಾ ತೀರವಿದೆ. ಕೊಕ್ಕರೆ ಬೆಳ್ಳೂರಿದೆ. ಅಲ್ಲಿ ಊರೊಳಗಿನ ಹುಣಸೆಮರಗಳಲ್ಲೇ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಮರದಡಿ ಬಿದ್ದ ಹಿಕ್ಕೆಯನ್ನು ರೈತರು ಗೊಬ್ಬರ ಮಾಡಿಕೊಳ್ಳುತ್ತಾ ಬಂದಿದ್ದಾರೆ. ಗೂಡಿನ ಕಾಲದಲ್ಲಿ ಅಲ್ಲಿ ಓಡುವುದೂ ಕೂಗುವುದೂ ಬೇಡ. ಮೆಲ್ಲನೆ ನಡೆದು ನೋಡಿ ಬರೋಣ.

ಕೆಲವು ಎಚ್ಚರಿಕೆಗಳನ್ನು ಮರೆಯಬಾರದು.

೧. ಎದೆನೋವು, ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರು ಮೊದಲು ವೈದ್ಯರನ್ನು ಕೇಳಿರಿ. ಮೊದಲ ತಿಂಗಳು ನಡಿಗೆಯೇ ಸಾಕು.

೨. ಡಾಂಬರು ರಸ್ತೆಯಲ್ಲಿ ಬಲಬದಿಗೆ, ಎದುರಿನ ವಾಹನ ಕಾಣುವಂತೆ ಸಾಲಾಗಿ ಹೋಗಿರಿ. ಕಬ್ಬು ಸಾಗಿಸುವ ಕಾಲದಲ್ಲಿ ಇನ್ನೂ ಎಚ್ಚರವಿರಲಿ.

೩. ತಡೆಗೋಡೆಯಿಲ್ಲದ ನಾಲೆಯ ಏರಿ ಬೇಡ. ೨೦೧೮ರ ನವೆಂಬರಿನಲ್ಲಿ ಪಾಂಡವಪುರದ ಕನಗನಮರಡಿ ಬಳಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಉರುಳಿ ೩೦ ಜೀವ ಹೋದುದನ್ನು ನಾವು ಮರೆತಿಲ್ಲ. ಬೆವರಿದೆವೆಂದು ನಾಲೆಗೆ ಇಳಿಯಲೂ ಬಾರದು.

ಯುವಕರಿಗೆ ಒಂದು ಮಾತು. ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೆ ಗಂಡಸರು ೧,೬೦೦ ಮೀಟರನ್ನು ಆರೂವರೆ ನಿಮಿಷದಲ್ಲಿ, ಹೆಂಗಸರು ೪೦೦ ಮೀಟರನ್ನು ಎರಡು ನಿಮಿಷದಲ್ಲಿ ಓಡಬೇಕು. ಪ್ರಕಟಣೆ ಬಂದ ಮೇಲೆ ಹೆದ್ದಾರಿ ಬದಿಯಲ್ಲಿ ಕತ್ತಲಲ್ಲಿ ಓಡಿ ಕಾಲು ನೋಯಿಸಿಕೊಳ್ಳುವುದಕ್ಕಿಂತ, ವರ್ಷವಿಡೀ ಊರವರ ಜೊತೆ ಓಡುವುದು ಮೇಲು. ತಂದೆತಾಯಿಗಳೇ, ಹೆಣ್ಣುಮಕ್ಕಳನ್ನು ಒಂಟಿಯಾಗಿ ಕಳಿಸಲು ಅಳುಕುವಿರಿ; ಊರೇ ಓಡುವಾಗ ಅಳುಕೇಕೆ? ತಾಯಂದಿರೂ ಜೊತೆಗೆ ಬನ್ನಿ.

ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ. ಮೊದಲ ವಾರ ಹತ್ತು ಮಂದಿ ಬಂದರೂ ಸಾಕು. ಹಿಂದೆ ಬರುವವರ ಜೊತೆ ನಡೆಯುವ ಕೆಲಸವನ್ನು ನನಗೆ ಬಿಡಿ. ಬರುವ ಭಾನುವಾರ ಬೆಳಿಗ್ಗೆ ಆರೂವರೆಗೆ ದೇವಸ್ಥಾನದ ಮುಂದೆ ತಮ್ಮನ್ನು ಎದುರುನೋಡುತ್ತಿರುತ್ತೇನೆ.